ಲಾವಂಚ, ಲ್ಯಾವೆಂಡರ್, ಅಶ್ವಗಂಧ: ಟೆನ್ಷನ್‌ಗೆ ಯಾವುದು, ಎಷ್ಟು?

ಮೊನ್ನೆಯವರೆಗೆ ನನ್ನ ಮೇಜಿನ ಡ್ರಾಯರಿನಲ್ಲಿ ಮೂರು ವಸ್ತುಗಳಿದ್ದವು. ಒಂದು ಲ್ಯಾವೆಂಡರ್ ಎಣ್ಣೆಯ ಪುಟ್ಟ ಬಾಟಲಿ, ಆಫೀಸಿನ ಗೆಳತಿ ಹುಟ್ಟುಹಬ್ಬಕ್ಕೆ ಕೊಟ್ಟದ್ದು. ಇನ್ನೊಂದು ಅಶ್ವಗಂಧದ ಡಬ್ಬ, ಭಾವ ತಂದುಕೊಟ್ಟದ್ದು. ಮೂರನೆಯದು ಲಾವಂಚದ ಬೇರಿನ ಸಣ್ಣ ಕಟ್ಟು. ಅಮ್ಮ ರೇಷ್ಮೆ ಸೀರೆಗಳ ನಡುವೆ ಇಡುತ್ತಾಳಲ್ಲ, ಅದೇ. ಕೊಡುವಾಗ ಮೂವರೂ ಹೇಳಿದ್ದು ಒಂದೇ ಮಾತು: "ಟೆನ್ಷನ್‌ಗೆ ಒಳ್ಳೇದು."

ಕೊಟ್ಟವರ ಪ್ರೀತಿಗೆ ಏನೂ ಅನ್ನುವ ಹಾಗಿಲ್ಲ. ಆದರೆ ಈ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದಾಗಲೇ ಗೊಂದಲ ಶುರುವಾಗುತ್ತದೆ. ಲಾವಂಚ, ಲ್ಯಾವೆಂಡರ್ ಮೂಗಿನ ದಾರಿಯಲ್ಲಿ ಬರುತ್ತವೆ. ಅಶ್ವಗಂಧ ಹೊಟ್ಟೆಗೆ ಇಳಿದು, ಲಿವರ್ ದಾಟಿ, ರಕ್ತಕ್ಕೆ ಸೇರುತ್ತದೆ. ಮೂಗಿನ ದಾರಿಗೆ ಒಂದು ಲೆಕ್ಕ, ಹೊಟ್ಟೆಯ ದಾರಿಗೆ ಇನ್ನೊಂದು ಲೆಕ್ಕ. ನಡುವೆ ಚರ್ಮದ ದಾರಿ ಅಂತಲೂ ಒಂದಿದೆ. ಅಲ್ಲಿ ನಾನೇ ಎಡವಿ ಬಿದ್ದಿದ್ದೇನೆ, ಆ ಕತೆ ಆಮೇಲೆ ಹೇಳುತ್ತೇನೆ.

ಮೊದಲು ಟೆನ್ಷನ್ ಬಂದಾಗ ಮೈಯೊಳಗೆ ಏನಾಗುತ್ತದೆ ಅನ್ನುವುದನ್ನು ಚುಟುಕಾಗಿ ನೋಡಿಬಿಡೋಣ. ರಾತ್ರಿ ಗಾಡಿಯ ಹಿಂದೆ ಬೀದಿನಾಯಿ ಅಟ್ಟಿಸಿಕೊಂಡು ಬಂತು ಅಂದುಕೊಳ್ಳಿ. ಕಿಡ್ನಿಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಕ್ಷಣದಲ್ಲಿ ಅಡ್ರಿನಲಿನ್ ಸುರಿಸುತ್ತವೆ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಚಿಕ್ಕದಾಗುತ್ತದೆ, ಹೊಟ್ಟೆ ಹಿಡಿದುಕೊಳ್ಳುತ್ತದೆ. ಕೆಲವು ನಿಮಿಷ ಕಳೆದರೆ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನ್ ಏರುತ್ತದೆ. ನಾಯಿ ತನ್ನ ಬೀದಿ ಮುಗಿದ ಕೂಡಲೇ ನಿಂತುಬಿಡುತ್ತದೆ, ಮೈಯೂ ಮೆಲ್ಲಗೆ ತಣ್ಣಗಾಗುತ್ತದೆ. ಇಎಂಐ ಹಾಗೆ ನಿಲ್ಲುವುದಿಲ್ಲವಲ್ಲ. ಬಾಸ್ ಫೋನು, ಸಿಲ್ಕ್ ಬೋರ್ಡಿನ ಟ್ರಾಫಿಕ್ಕು, ಮಗಳ ಫೀಸು ಎಲ್ಲಕ್ಕೂ ಮೈ ಎಬ್ಬಿಸುವುದು ಅದೇ ಗದ್ದಲವನ್ನು.

ಈ ಗದ್ದಲದಲ್ಲಿ ನಮ್ಮ ಕೈಗೆ ಸಿಗುವ ಹಿಡಿ ಒಂದೇ. ಎದೆಬಡಿತಕ್ಕೆ "ನಿಧಾನ" ಅಂತ ಹೇಳಿದರೆ ಅದು ಕೇಳುವುದಿಲ್ಲ. ಉಸಿರು ಕೇಳುತ್ತದೆ. ಉಸಿರು ನಿಧಾನವಾದರೆ ಎದೆಬಡಿತವೂ ಹಿಂದೆ ಬರುತ್ತದೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಿತ್ತಲ ಬಾಗಿಲಿನಿಂದ ಬರುವ ವಾಸನೆ

ನೋಡಿದ್ದು, ಕೇಳಿದ್ದು, ಮುಟ್ಟಿದ್ದು ಎಲ್ಲವೂ ಮೆದುಳಿನೊಳಗೆ ಥಲಾಮಸ್ ಅನ್ನುವ ಕಡೆ ಮೊದಲು ಹಾಜರಿ ಹಾಕುತ್ತವೆ. ಸರ್ಕಾರಿ ಕಚೇರಿಯ ಟಪಾಲು ವಿಭಾಗ ಇದ್ದ ಹಾಗೆ. ಅಲ್ಲಿ ವಿಂಗಡಣೆಯಾದ ಮೇಲೆ ಮುಂದಿನ ಟೇಬಲ್ಲಿಗೆ ಹೋಗಬೇಕು. ವಾಸನೆಗೆ ಮಾತ್ರ ಈ ಕಟ್ಟಳೆ ಇಲ್ಲ. ಅದು ಹಿತ್ತಲ ಬಾಗಿಲಿನಿಂದ ನೇರ ಅಡುಗೆಮನೆಗೇ ಬರುವ ನೆಂಟ.

ಮೂಗಿನ ಒಳಗೆ ಮೇಲ್ಭಾಗದಲ್ಲಿ ವಾಸನೆ ಹಿಡಿಯುವ ನರಕೋಶಗಳಿವೆ. ಮನುಷ್ಯರಲ್ಲಿ ಸುಮಾರು 400 ಬಗೆಯ ಗ್ರಾಹಕಗಳು ಕೆಲಸ ಮಾಡುತ್ತವೆ. ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಇವುಗಳ ಜೀನ್‌ಗಳನ್ನು 1991ರಲ್ಲಿ ಗುರುತಿಸಿದರು. 2004ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಒಂದು ಘಮ ಅಂದರೆ ಒಂದೇ ಗ್ರಾಹಕ ಬಾರಿಸುವ ಗಂಟೆಯಲ್ಲ. ಹಲವು ಗ್ರಾಹಕಗಳು ಬೇರೆಬೇರೆ ಪ್ರಮಾಣದಲ್ಲಿ ಒಟ್ಟಿಗೆ ಮೀಟಿದಾಗ ಮೆದುಳು ಅದನ್ನು "ಮಲ್ಲಿಗೆ" ಅಂತಲೋ "ಸುಟ್ಟ ಹಾಲು" ಅಂತಲೋ ಓದಿಕೊಳ್ಳುತ್ತದೆ. ಈ ಸುದ್ದಿ ಒಂದೆರಡು ಹೆಜ್ಜೆಯಲ್ಲೇ ಭಯ, ನೆಮ್ಮದಿಗಳ ಲೆಕ್ಕ ಇಡುವ ಅಮಿಗ್ಡಾಲಾಕ್ಕೆ ತಲುಪುತ್ತದೆ. ನೆನಪು ಕಟ್ಟುವ ಹಿಪೊಕ್ಯಾಂಪಸ್ ಕೂಡ ಅಲ್ಲೇ ಪಕ್ಕದಲ್ಲಿದೆ. ಅದಕ್ಕೇ ವಾಸನೆ ಮೂಗಿಗೆ ಬಡಿದಾಗ ಮೊದಲು ಮನಸ್ಸು ಅಲುಗುತ್ತದೆ, ಅದು ಯಾವುದರ ವಾಸನೆ ಅಂತ ಹೊಳೆಯುವುದು ಆಮೇಲೆ.

ಇಲ್ಲೇ ಒಂದು ತೊಡಕೂ ಇದೆ. ನೆನಪು ಎಲ್ಲರದೂ ಒಂದೇ ಅಲ್ಲ. ಸುಗಂಧರಾಜ ಎಷ್ಟೋ ಜನರಿಗೆ ಮದುವೆಮನೆಯ ಹೂವು. ಅಜ್ಜ ತೀರಿಕೊಂಡ ದಿನ ಮನೆ ತುಂಬ ಆ ಹಾರಗಳೇ ಇದ್ದವು, ಹಾಗಾಗಿ ನನಗೆ ಇವತ್ತಿಗೂ ಅದರ ವಾಸನೆ ಬಂದರೆ ಗಂಟಲು ಕಟ್ಟುತ್ತದೆ. ಇನ್ನು ಲ್ಯಾವೆಂಡರ್ ವಿಷಯಕ್ಕೆ ಬಂದರೆ, ಗೆಳತಿ ಕೊಟ್ಟ ಬಾಟಲಿ ತೆರೆದಾಗ ನನಗೆ ಮೊದಲು ನೆನಪಾದದ್ದು ಯಾವುದೋ ಮಾಲ್‌ನ ಟಾಯ್ಲೆಟ್! ಅಲ್ಲಿ ಸಿಂಪಡಿಸುವ ಫ್ರೆಶ್‌ನರ್‌ನದು ಅದೇ ವಾಸನೆ. ಪಾಪ, ಗಿಡದ ತಪ್ಪೇನೂ ಇಲ್ಲ.

ಹಾಗಾದರೆ ಲ್ಯಾವೆಂಡರ್‌ನಲ್ಲಿ ತನ್ನದೇ ಆದ ಗುಣ ಏನೂ ಇಲ್ಲವೇ? ಇದೆ ಅನ್ನುವುದಕ್ಕೆ ಸ್ವಲ್ಪ ಆಧಾರ ಉಂಟು. ಅದರ ಎಣ್ಣೆಯಲ್ಲಿ ಮುಖ್ಯವಾಗಿ ಇರುವುದು ಲಿನಲೂಲ್ ಮತ್ತು ಲಿನಲೈಲ್ ಅಸಿಟೇಟ್. ಜಪಾನಿನ ಕಾಗೊಶಿಮಾ ವಿಶ್ವವಿದ್ಯಾಲಯದವರು 2018ರಲ್ಲಿ ಇಲಿಗಳಿಗೆ ಲಿನಲೂಲ್ ವಾಸನೆ ತೋರಿಸಿ ನೋಡಿದರು. ಇಲಿಗಳ ಅಂಜಿಕೆ ಕಡಿಮೆಯಾಯಿತು. ವಾಸನೆ ಗ್ರಹಿಸುವ ಶಕ್ತಿಯನ್ನೇ ಕಳೆದ ಇಲಿಗಳಲ್ಲಿ ಏನೂ ಆಗಲಿಲ್ಲ. ಅಂದರೆ ಲಿನಲೂಲ್ ಶ್ವಾಸಕೋಶದಿಂದ ರಕ್ತಕ್ಕೆ ಸೇರಿ ಕೆಲಸ ಮಾಡಿದ್ದಲ್ಲ, ಮೂಗಿನ ನರದ ಮೂಲಕವೇ ಮಾಡಿದ್ದು. ಒಳ್ಳೆಯ ಪ್ರಯೋಗ. ಆದರೆ ಇಲಿಯ ಭಯಕ್ಕೂ ಅಪ್ರೈಸಲ್ ಹಿಂದಿನ ರಾತ್ರಿಯ ನಮ್ಮ ಭಯಕ್ಕೂ ದೂರ ಬಹಳ.

ಅಂದಹಾಗೆ ಲಿನಲೂಲ್ ಪರದೇಶದ ಸರಕೇನಲ್ಲ. ಸಾರಿನ ಪುಡಿಗೆ ಹುರಿಯುತ್ತೇವಲ್ಲ, ಆ ಕೊತ್ತಂಬರಿ ಬೀಜದ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಲಿನಲೂಲೇ. ಅಣುವಿನ ಆಕಾರದಲ್ಲಿ ಎಡಗೈ ಬಲಗೈ ನಡುವಿನಷ್ಟು ವ್ಯತ್ಯಾಸ ಇದೆ, ಅಷ್ಟೇ.

ಮನುಷ್ಯರ ಮೇಲಿನ ಅಧ್ಯಯನಗಳಿಗೆ ಒಂದು ದೊಡ್ಡ ಕಷ್ಟ ಇದೆ. ಮಾತ್ರೆಯನ್ನು ಪರೀಕ್ಷೆ ಮಾಡುವಾಗ ಅದರಂತೆಯೇ ಕಾಣುವ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು. ಘಮವನ್ನು ಬಚ್ಚಿಡುವುದು ಹೇಗೆ? ಮೂಸಿದ ತಕ್ಷಣ ಗೊತ್ತಾಗಿಬಿಡುತ್ತದೆ. "ಇದು ನೆಮ್ಮದಿ ಕೊಡುತ್ತದಂತೆ" ಅನ್ನುವ ನಿರೀಕ್ಷೆಯೇ ಅರ್ಧ ಕೆಲಸ ಮಾಡಿಬಿಡುತ್ತದೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ತಕ್ಕಮಟ್ಟಿಗೆ ನಿಭಾಯಿಸಿದ್ದರು. 56 ಜನರ ಮೂಗಿನ ಕೆಳಗೆ ಹತ್ತಿ ಅಂಟಿಸಿ, ನಿಂಬೆ, ಲ್ಯಾವೆಂಡರ್ ಅಥವಾ ಬರೀ ನೀರು ಹಾಕಿದರು. ಕೆಲವರಿಗೆ ಏನು ಮೂಸುತ್ತೀರಿ ಅಂತ ಮೊದಲೇ ಹೇಳಿದ್ದರು, ಕೆಲವರಿಗೆ ಹೇಳಿರಲಿಲ್ಲ. ನಿಂಬೆ ವಾಸನೆಗೆ ಜನರ ಮನಸ್ಸು ಗೆಲುವಾಯಿತು. ಆದರೆ ಕಾರ್ಟಿಸಾಲ್ ಮಟ್ಟವನ್ನು ನಿಂಬೆಯೂ ಇಳಿಸಲಿಲ್ಲ, ಲ್ಯಾವೆಂಡರೂ ಇಳಿಸಲಿಲ್ಲ.

ನನ್ನ ತೀರ್ಮಾನ ಹೀಗೆ. ಘಮ ಹಾರ್ಮೋನನ್ನು ನೇರವಾಗಿ ಇಳಿಸುತ್ತದೆ ಅಂತ ನಂಬಿ ಕೂರುವುದು ಬೇಡ. ಅದು ಮಾಡುವ ಕೆಲಸ ಇನ್ನೂ ಸರಳವಾದದ್ದು. ಇಷ್ಟವಾದ ಘಮ ಬಂದರೆ ನಾವು ಏನು ಮಾಡುತ್ತೇವೆ? ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರು ಎಳೆದುಕೊಳ್ಳುತ್ತೇವೆ. ನಿಧಾನವಾಗಿ ಬಿಡುತ್ತೇವೆ. ಆ ಹಿಡಿ ನಮ್ಮ ಕೈಗೆ ಸಿಕ್ಕಿಬಿಟ್ಟಿತು, ಅಲ್ವಾ? "ದೀರ್ಘವಾಗಿ ಉಸಿರಾಡಿ" ಅಂತ ಯಾರಾದರೂ ಹೇಳಿದರೆ ಸಿಟ್ಟು ಬರುತ್ತದೆ. ಕರ್ಚೀಫಿನಲ್ಲಿ ಮರುಗದ ಕಡ್ಡಿ ಇದ್ದರೆ ಹೇಳಿಸಿಕೊಳ್ಳದೆಯೇ ಉಸಿರಾಡುತ್ತೇವೆ.

ಬಾಟಲಿಯೊಳಗೆ ಏನಿದೆ

ಎಸೆನ್ಷಿಯಲ್ ಆಯಿಲ್ ಅಂದರೆ ಗಿಡದಲ್ಲಿರುವ, ಸುಲಭವಾಗಿ ಆವಿಯಾಗುವ ಘಮದ ಅಂಶ. ಕೊಬ್ಬರಿ ಎಣ್ಣೆಯ ಹಾಗೆ ಇದರಲ್ಲಿ ಜಿಡ್ಡು ಇಲ್ಲ. ತೆಗೆಯುವ ಮಾಮೂಲಿ ವಿಧಾನ ಭಟ್ಟಿ ಇಳಿಸುವುದು. ಗಿಡದ ಸೊಪ್ಪನ್ನೋ ಬೇರನ್ನೋ ಹಂಡೆಗೆ ತುಂಬಿ ಹಬೆ ಹಾಯಿಸುತ್ತಾರೆ. ಹಬೆ ತನ್ನ ಜೊತೆ ಎಣ್ಣೆಯನ್ನೂ ಎಳೆದುಕೊಂಡು ಹೋಗುತ್ತದೆ. ತಣ್ಣಗಾದಾಗ ನೀರು ಬೇರೆ, ಎಣ್ಣೆ ಬೇರೆ ಆಗಿ ನಿಲ್ಲುತ್ತದೆ. ಮಜ್ಜಿಗೆ ಹುಲ್ಲಿನಿಂದ ಹೀಗೆ ತೆಗೆಯುವುದು ಸುಲಭ. ಲಾವಂಚದ ಬೇರು ಗಟ್ಟಿ, ಅದಕ್ಕೆ ಗಂಟೆಗಟ್ಟಲೆ ಹಬೆ ಕೊಡಬೇಕು.

ನಮ್ಮ ರಾಜ್ಯಕ್ಕೂ ಈ ಭಟ್ಟಿಗೂ ಹಳೆಯ ನಂಟು. ಮೈಸೂರು ಸೀಮೆಯ ಗಂಧದ ಮರ ಒಂದು ಕಾಲದಲ್ಲಿ ಹರಾಜಾಗಿ ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುತ್ತಿದ್ದದ್ದು ಅಲ್ಲಿ. ಮೊದಲ ಮಹಾಯುದ್ಧ ಶುರುವಾಗಿ ಹಡಗು ನಿಂತಾಗ ಮರ ಇಲ್ಲೇ ರಾಶಿ ಬಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ವಿಜ್ಞಾನಿಗಳು ಎಣ್ಣೆ ತೆಗೆಯುವ ಪ್ರಯೋಗ ಮಾಡಿಕೊಟ್ಟರು. 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ ಮೈಸೂರಿನ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಗಂಧದೆಣ್ಣೆಯ ಬಹುಪಾಲು ಸ್ಯಾಂಟಲಾಲ್ ಅನ್ನುವ ಭಾರವಾದ ಅಣುಗಳು. ಭಾರ ಇರುವುದರಿಂದ ನಿಧಾನಕ್ಕೆ ಆವಿಯಾಗುತ್ತವೆ. ಬೆಳಿಗ್ಗೆ ಸಾಣೆಕಲ್ಲಿನ ಮೇಲೆ ತೇಯ್ದು ಹಣೆಗೆ ಇಟ್ಟ ಗಂಧ ಮಧ್ಯಾಹ್ನದವರೆಗೂ ಸಣ್ಣಗೆ ಘಮಿಸುವುದು ಅದಕ್ಕೇ. ನಿಂಬೆಯ ಅಣುಗಳು ಹಗುರ, ಅರ್ಧ ಗಂಟೆಯಲ್ಲಿ ಮಾಯ.

ಮಲ್ಲಿಗೆಯ ಕತೆ ಬೇರೆ. ಹಬೆಯ ಕಾವಿಗೆ ಅದರ ಘಮ ಕೆಡುತ್ತದೆ. ಹಾಗಾಗಿ ದ್ರಾವಕದಲ್ಲಿ ನೆನೆಸಿ ಘಮವನ್ನು ಎಳೆದು ತೆಗೆಯುತ್ತಾರೆ, ರಾಶಿ ರಾಶಿ ಹೂವಿಗೆ ಚೂರು ಸಾರ ಸಿಗುತ್ತದೆ. ಗುಲಾಬಿಯಲ್ಲಿ ಒಂದು ಕೆ.ಜಿ. ಎಣ್ಣೆಗೆ ಮೂರ್ನಾಲ್ಕು ಟನ್ ಹೂವು ಬೇಕು. ಈಗ ಹೇಳಿ, "ಶುದ್ಧ ಮಲ್ಲಿಗೆ ಎಸೆನ್ಷಿಯಲ್ ಆಯಿಲ್, 10 ಮಿ.ಲೀ., 120 ರೂಪಾಯಿ" ಅಂತ ಆನ್‌ಲೈನಿನಲ್ಲಿ ಕಂಡರೆ ಅದರಲ್ಲಿ ಮಲ್ಲಿಗೆ ಎಷ್ಟಿರಬಹುದು? ಹೂವಿನ ಮಾರುಕಟ್ಟೆಯ ದರ ಗೊತ್ತಿರುವ ಯಾರಿಗೂ ಈ ಲೆಕ್ಕ ಹೇಳಿಕೊಡಬೇಕಿಲ್ಲ. ಕೃತಕ ಘಮ ವಿಷ ಅಂತ ನಾನು ಹೇಳುತ್ತಿಲ್ಲ. ಮೂಸಲು ಇಷ್ಟವಾದರೆ ಅದೂ ಉದ್ದುಸಿರು ಎಳೆಸುತ್ತದೆ. ಶುದ್ಧದ ಬೆಲೆ ಕೊಟ್ಟು ಅದನ್ನು ಕೊಳ್ಳಬೇಡಿ, ಅಷ್ಟೇ. ಕೊಳ್ಳುವಾಗ ಗಿಡದ ಸಸ್ಯಶಾಸ್ತ್ರೀಯ ಹೆಸರು, ಯಾವ ಭಾಗದಿಂದ ತೆಗೆದದ್ದು, ಎಲ್ಲಿಯದು ಅಂತ ಬರೆದಿದೆಯೇ ನೋಡಿ. ಬಾಟಲಿ ಕಂದು ಅಥವಾ ಕಡು ನೀಲಿ ಗಾಜಿನದಾಗಿರಲಿ. ಬೆಳಕಿಗೆ ಎಣ್ಣೆ ಬೇಗ ಕೆಡುತ್ತದೆ.

ಲ್ಯಾವೆಂಡರೇ ಬೇಕು ಅನ್ನುವವರಿಗೆ ಫ್ರಾನ್ಸಿನದೇ ಆಗಬೇಕಿಲ್ಲ. ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ನ ಸುಗಂಧ ಬೆಳೆಗಳ ಯೋಜನೆಯಾದ ಅರೋಮಾ ಮಿಷನ್‌ನಿಂದಾಗಿ ಜಮ್ಮುವಿನ ದೋಡಾ ಜಿಲ್ಲೆಯ ಭದೇರ್ವಾದಲ್ಲಿ ಮೆಕ್ಕೆಜೋಳ ಬೆಳೆಯುತ್ತಿದ್ದ ಎಷ್ಟೋ ರೈತರು ಈಗ ಲ್ಯಾವೆಂಡರ್ ಬೆಳೆಯುತ್ತಾರೆ. ಇನ್ನು ನಮ್ಮ ದವನ. ಚೈತ್ರದಲ್ಲಿ ದೇವರಿಗೆ ಏರಿಸುವ ಆ ಬೂದು ಬಣ್ಣದ ಪುಟ್ಟ ಸೊಪ್ಪಿನ ಎಣ್ಣೆಗೆ ವಿದೇಶದ ಸುಗಂಧ ತಯಾರಕರಿಂದ ಭಾರಿ ಬೇಡಿಕೆ. ದಕ್ಷಿಣ ಭಾರತ ಬಿಟ್ಟರೆ ಅದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಯುವ ಜಾಗವೇ ಇಲ್ಲವೆನ್ನಬಹುದು. ನಮ್ಮಲ್ಲಿ ಮಾತ್ರ ಅದು ಹೂವಿನ ದಂಡೆಯ ನಡುವೆ ಸುಮ್ನೆ ಕೂತಿರುತ್ತದೆ.

"ಅರೋಮಾಥೆರಪಿ", ಅಂದರೆ ಘಮದ ಎಣ್ಣೆಗಳಿಂದ ಚಿಕಿತ್ಸೆ, ಅನ್ನುವ ಹೆಸರು ಬಂದದ್ದು ರೆನೆ-ಮೊರಿಸ್ ಗಾಟೆಫೋಸೆ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನಿಂದ. 1937ರಲ್ಲಿ ಆತ ಅದೇ ಹೆಸರಿನ ಪುಸ್ತಕ ಬರೆದ. 1910ರಲ್ಲಿ ಪ್ರಯೋಗಾಲಯದಲ್ಲಿ ಸ್ಫೋಟವಾಗಿ ಆತನ ಕೈ ಸುಟ್ಟಿತು, ಪಕ್ಕದಲ್ಲಿದ್ದ ಲ್ಯಾವೆಂಡರ್ ಎಣ್ಣೆಗೆ ಕೈ ಅದ್ದಿದ, ತಕ್ಷಣ ವಾಸಿಯಾಯಿತು ಅನ್ನುವ ಕತೆ ಎಲ್ಲೆಡೆ ಓಡಾಡುತ್ತದೆ. ಆತನೇ ಬರೆದಿರುವುದು ಬೇರೆ. ಹುಲ್ಲಿನ ಮೇಲೆ ಹೊರಳಾಡಿ ಬೆಂಕಿ ಆರಿಸಿಕೊಂಡ. ಆಮೇಲೆ ಗಾಯ ಕೊಳೆಯತೊಡಗಿದಾಗ ಲ್ಯಾವೆಂಡರ್ ಸಾರದಿಂದ ತೊಳೆದ. ಅಂದರೆ ಆ ಹೆಸರು ಹುಟ್ಟಿದ್ದು ಗಾಯ, ಕ್ರಿಮಿಗಳ ವಿಚಾರದಲ್ಲಿ. ಟೆನ್ಷನ್ ಅದಕ್ಕೆ ಅಂಟಿಕೊಂಡದ್ದು ಆಮೇಲೆ.

ಚರ್ಮಕ್ಕೆ ಹಚ್ಚುವ ಮುಂಚೆ

ನಾನು ಎಡವಿದ ಕತೆ ಈಗ. ಒಂದು ಸಂಜೆ ತಲೆನೋವು, ಡೆಡ್‌ಲೈನು ಎರಡೂ ಒಟ್ಟಿಗೆ ಬಂದವು. ಮಜ್ಜಿಗೆ ಹುಲ್ಲಿನ ಎಣ್ಣೆ ಮನೆಯಲ್ಲಿತ್ತು. ನ್ಯಾಚುರಲ್ ಅಲ್ವಾ ಅಂತ ಎರಡು ಹನಿ ನೇರವಾಗಿ ಹಣೆಯ ಎರಡೂ ಬದಿಗೆ ತಿಕ್ಕಿಕೊಂಡೆ. ಹತ್ತು ನಿಮಿಷದಲ್ಲಿ ಉರಿ. ಮಾರನೆಯ ದಿನ ಎರಡೂ ಕಡೆ ಕೆಂಪು ಬಿಲ್ಲೆ. ಒಂದು ವಾರ ಅದು ಹೋಗಲಿಲ್ಲ. ಆ ಎಣ್ಣೆಯ ಮುಕ್ಕಾಲು ಪಾಲು ಸಿಟ್ರಾಲ್. ಚರ್ಮವನ್ನು ಕೆರಳಿಸುವುದರಲ್ಲಿ ಅದಕ್ಕೆ ಒಳ್ಳೆಯ ಹೆಸರಿದೆ. ಟೆನ್ಷನ್ ಇಳಿಸಲು ಹೋಗಿ ಹೊಸ ಟೆನ್ಷನ್ ತಂದುಕೊಂಡದ್ದಾಯಿತು.

ಒಂದು ಹನಿ ಎಣ್ಣೆಯ ಹಿಂದೆ ಒಂದು ಹಿಡಿ ಸೊಪ್ಪು ಇದೆ ಅಂದುಕೊಳ್ಳಿ. ಗಿಡದಲ್ಲಿದ್ದಾಗ ಸಾಧುವಾಗಿದ್ದದ್ದು ಬಾಟಲಿಯಲ್ಲಿ ಸಾಧುವಲ್ಲ. ಬೇರೆ ಎಣ್ಣೆಯಲ್ಲಿ ಬೆರೆಸದೆ ಹಚ್ಚಬಾರದು. ಲೆಕ್ಕ ಸುಲಭ. ಒಂದು ಮಿಲಿಲೀಟರ್ ಅಂದರೆ ಸುಮಾರು 20 ಹನಿ. ಒಂದು ಊಟದ ಚಮಚದಷ್ಟು, ಅಂದರೆ 15 ಮಿ.ಲೀ. ಕೊಬ್ಬರಿ ಅಥವಾ ಎಳ್ಳೆಣ್ಣೆಗೆ 3 ಹನಿ ಹಾಕಿದರೆ ಶೇಕಡಾ 1 ಆಗುತ್ತದೆ. ದೊಡ್ಡವರ ಕೈಕಾಲಿಗೆ ಹಚ್ಚಲು ಶೇಕಡಾ 2, ಅಂದರೆ 6 ಹನಿವರೆಗೂ ಹೋಗಬಹುದು. ಮುಖಕ್ಕೆ ಶೇಕಡಾ 1 ದಾಟಬೇಡಿ. ಮಜ್ಜಿಗೆ ಹುಲ್ಲು, ದಾಲ್ಚಿನ್ನಿ, ಲವಂಗದಂಥ ಖಾರದ ಎಣ್ಣೆಗಳಾದರೆ ಇನ್ನೂ ಕಡಿಮೆ. ಮೊದಲು ಮೊಣಕೈ ಒಳಭಾಗದಲ್ಲಿ ಚೂರು ಹಚ್ಚಿ ಒಂದು ದಿನ ಕಾಯಿರಿ.

ಸ್ನಾನದ ಬಕೆಟ್ಟಿಗೆ ಹನಿ ಹಾಕುವವರಿದ್ದಾರೆ. ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ, ಮೇಲೆ ತೇಲುತ್ತದೆ. ಆ ತೇಲುವ ಪದರ ನೇರ ಚರ್ಮಕ್ಕೆ ಅಂಟುತ್ತದೆ. ನಿಂಬೆಸಿಪ್ಪೆ, ನಿಂಬೆ ಜಾತಿಯದೇ ಆದ ಬರ್ಗಮಾಟ್ ಹಣ್ಣಿನ ಸಿಪ್ಪೆಗಳನ್ನು ಹಿಂಡಿ ತೆಗೆದ ಎಣ್ಣೆ ಹಚ್ಚಿ ಬಿಸಿಲಿಗೆ ಹೋದರಂತೂ ಚರ್ಮ ಸುಟ್ಟ ಹಾಗೆ ಕಪ್ಪಾಗಬಹುದು. ಅವುಗಳಲ್ಲಿ ಬಿಸಿಲಿನ ಜೊತೆ ಸೇರಿ ಕೆರಳುವ ಅಂಶಗಳಿವೆ.

ಮಕ್ಕಳಿರುವ ಮನೆಗೆ ಒಂದು ಮಾತು ಒತ್ತಿ ಹೇಳಬೇಕು. ಊಟಿಗೆ ಹೋದವರೆಲ್ಲ ತರುವ ನೀಲಗಿರಿ ಎಣ್ಣೆಯನ್ನು ಮಗು ಒಂದು ಟೀ ಚಮಚದಷ್ಟು ಕುಡಿದರೂ ಜೀವಕ್ಕೆ ಅಪಾಯ. ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರಬಹುದು. ನೆಗಡಿ ಆದ ಕೂಸಿನ ಅಂಗಿಗೆ ಕರ್ಪೂರದ ಗಂಟು ಕಟ್ಟುವ ಅಭ್ಯಾಸ ಬಿಟ್ಟುಬಿಡುವುದು ಒಳ್ಳೆಯದು. ಬೆಕ್ಕು ಸಾಕಿದವರು ಡಿಫ್ಯೂಸರ್, ಅಂದರೆ ಎಣ್ಣೆಯ ಘಮವನ್ನು ಕೋಣೆಗೆ ಹರಡುವ ಸಾಧನದ ವಿಷಯದಲ್ಲಿ ಹುಷಾರು. ಈ ಅಣುಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಕಡಿಮೆ. ಅಸ್ತಮಾ ಇದ್ದವರಿಗೆ ಯಾವ ಗಾಢ ವಾಸನೆಯೂ ಆಗಿಬರದಿರಬಹುದು. ಊದುಬತ್ತಿ, ಸಾಂಬ್ರಾಣಿಯ ಹೊಗೆ ಎಷ್ಟೇ ಪರಿಮಳ ಇದ್ದರೂ ಹೊಗೆ ಹೊಗೆಯೇ, ಕಿಟಕಿ ತೆರೆದಿರಲಿ.

ಹೊಟ್ಟೆಗೆ ಇಳಿದರೆ

"ಗಿಡಮೂಲಿಕೆ ತಾನೆ, ಸೈಡ್ ಎಫೆಕ್ಟ್ ಇಲ್ಲ" ಅನ್ನುವವರಿಗೆ ನಾನು ಸರ್ಪಗಂಧದ ಕತೆ ಹೇಳುತ್ತೇನೆ. ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಈ ಗಿಡದ ಬೇರನ್ನು ನಿದ್ದೆ ಬರದವರಿಗೆ, ಬುದ್ಧಿ ಕೆರಳಿದವರಿಗೆ ಕೊಡುತ್ತಿದ್ದದ್ದು ನಮ್ಮ ದೇಶದಲ್ಲಿ ಬಹಳ ಹಳೆಯ ಪದ್ಧತಿ. ಮುಂಬೈಯ ಹೃದಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ, ಈ ಬೇರು ರಕ್ತದೊತ್ತಡ ಇಳಿಸುತ್ತದೆ ಎಂದು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರಿಂದ ರಿಸರ್ಪಿನ್ ಅನ್ನುವ ಅಂಶ ಬೇರ್ಪಟ್ಟಿತು. ಬಿಪಿಗೂ ಮನೋರೋಗಕ್ಕೂ ಅದು ಜಗತ್ತಿನಾದ್ಯಂತ ಔಷಧಿಯಾಯಿತು. ಜೊತೆಗೆ ಇನ್ನೊಂದು ವಿಷಯವೂ ಬೆಳಕಿಗೆ ಬಂತು. ರಿಸರ್ಪಿನ್ ತೆಗೆದುಕೊಂಡ ಕೆಲವರು ಖಿನ್ನತೆಗೆ ಜಾರಿದರು. ಮನಸ್ಸನ್ನು ಶಾಂತ ಮಾಡುವ ಬೇರು ಮನಸ್ಸನ್ನು ಮುಳುಗಿಸಲೂಬಹುದು. ಕೆಲಸ ಮಾಡುವ ಶಕ್ತಿ ಇರುವ ಯಾವುದಕ್ಕೂ ಕೆಡಿಸುವ ಶಕ್ತಿಯೂ ಇರುತ್ತದೆ.

ಈ ಕಣ್ಣಿನಿಂದ ಅಶ್ವಗಂಧವನ್ನು ನೋಡಿ. ನಮ್ಮಲ್ಲಿ ಹಿರೇಮದ್ದು ಅನ್ನುತ್ತಾರೆ. ಹಸಿ ಬೇರಿಗೆ ಕುದುರೆಯ ವಾಸನೆ, ಅದಕ್ಕೇ ಆ ಹೆಸರು. ಲ್ಯಾಟಿನ್ ಹೆಸರಿನಲ್ಲಿರುವ ಸೋಮ್ನಿಫೆರಾ ಅಂದರೆ ನಿದ್ದೆ ತರುವಂಥದ್ದು. ಟೆನ್ಷನ್ ವಿಷಯದಲ್ಲಿ ಬೇರೆಲ್ಲ ಮೂಲಿಕೆಗಳಿಗಿಂತ ಇದರ ಮೇಲೆ ಅಧ್ಯಯನ ಜಾಸ್ತಿ ನಡೆದಿದೆ. ಹೈದರಾಬಾದಿನಲ್ಲಿ 64 ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದದ್ದು ಅವುಗಳಲ್ಲಿ ಹೆಸರಾದದ್ದು. 300 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ, 60 ದಿನ. ಒತ್ತಡದ ಅಂಕಗಳೂ ಕಾರ್ಟಿಸಾಲ್ ಮಟ್ಟವೂ ಇಳಿದವು. ಇಂಥ ಅಧ್ಯಯನಗಳೆಲ್ಲ ಚಿಕ್ಕವು, ಎರಡು ಮೂರು ತಿಂಗಳಿನವು. ವರ್ಷಗಟ್ಟಲೆ ತಿಂದರೆ ಸುರಕ್ಷಿತ ಅಂತ ಅವು ಹೇಳುವುದಿಲ್ಲ. ಇನ್ನೊಂದು, ಅಲ್ಲಿ ಕೊಟ್ಟದ್ದು ಬೇರಿನ ಸಾರ. ಗ್ರಂಧಿಗೆ ಅಂಗಡಿಯಿಂದ ತಂದ ಪುಡಿಯ ಒಂದು ಚಮಚಕ್ಕೂ 300 ಮಿ.ಗ್ರಾಂ ಸಾರಕ್ಕೂ ತಾಳೆ ಹಾಕಲಾಗದು.

ಅಪರೂಪಕ್ಕಾದರೂ ಅಶ್ವಗಂಧದಿಂದ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು. ಅಷ್ಟು ಗಾಬರಿ ಬೇಕಿಲ್ಲ ಅನ್ನುವುದು ನನ್ನ ಅನಿಸಿಕೆ. ಆದರೆ ಗರ್ಭಿಣಿಯರು ಮುಟ್ಟಬಾರದು. ಥೈರಾಯ್ಡ್ ಮಾತ್ರೆ, ನಿದ್ದೆ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ಅವತ್ತೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ನನಗೆ ಥೈರಾಯ್ಡ್ ಇದೆ. ಭಾವನ ಡಬ್ಬ ಡ್ರಾಯರಿನಲ್ಲೇ ಉಳಿದಿರುವುದು ಅದಕ್ಕೇ. ಇದನ್ನು ಭಾವನಿಗೆ ಇನ್ನೂ ಹೇಳಿಲ್ಲ.

ಬ್ರಾಹ್ಮಿಯ ಗೊಂದಲವೇ ಬೇರೆ. ಕರ್ನಾಟಕದಲ್ಲಿ ಬ್ರಾಹ್ಮಿ ಅಂದರೆ ಬಹಳ ಮನೆಗಳಲ್ಲಿ ಒಂದೆಲಗ, ತುಳುವಿನ ತಿಮರೆ. ಕಿಡ್ನಿ ಆಕಾರದ ಒಂಟಿ ಎಲೆ. ಮಾತ್ರೆ ಡಬ್ಬಿಯ ಮೇಲಿನ ಬ್ರಾಹ್ಮಿ ಸಾಮಾನ್ಯವಾಗಿ ನೀರುಬ್ರಾಹ್ಮಿ. ದಪ್ಪ ಪುಟಾಣಿ ಎಲೆ, ತಿಳಿ ನೇರಳೆ ಹೂ, ಬಾಯಿ ಕಹಿ. ಎರಡಕ್ಕೂ ಸಂಬಂಧವೇ ಇಲ್ಲ. ನೆನಪಿನ ಶಕ್ತಿಯ ಅಧ್ಯಯನಗಳು ಹೆಚ್ಚಾಗಿ ನೀರುಬ್ರಾಹ್ಮಿಯ ಮೇಲೆ ನಡೆದಿವೆ. ಅಲ್ಲೂ ಫಲ ಕಂಡದ್ದು 12 ವಾರದ ಹೊತ್ತಿಗೆ, ಕೆಲವರಿಗೆ ಹೊಟ್ಟೆ ಕೆಟ್ಟಿತು. ಹಾಗಾಗಿ ಪರೀಕ್ಷೆಯ ಹಿಂದಿನ ರಾತ್ರಿ ಮಗನಿಗೆ ಒಂದೆಲಗದ ರಸ ಕುಡಿಸಿ ಪ್ರಯೋಜನ ಇಲ್ಲ. ಒಂದೆಲಗದ ತಂಬುಳಿ ಮಾಡಿ ಊಟಕ್ಕೆ ಬಡಿಸಿ, ಅದಕ್ಕೆ ಯಾರ ಅಧ್ಯಯನವೂ ಬೇಕಿಲ್ಲ. ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು, ಎಲೆ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ ಮಜ್ಜಿಗೆಗೆ ಬೆರೆಸಿದರಾಯಿತು. ಚರಂಡಿ ಪಕ್ಕದಲ್ಲಿ ಬೆಳೆದ ಎಲೆ ಮಾತ್ರ ಬೇಡ.

ತುಳಸಿಯ ಮೇಲೂ ಸಣ್ಣ ಅಧ್ಯಯನಗಳಿವೆ, ದೊಡ್ಡ ಮಾತು ಹೇಳುವಷ್ಟಿಲ್ಲ. ಬಜೆಯನ್ನು ಟೆನ್ಷನ್‌ಗೆ ಅಂತ ದಿನಾ ತಿನ್ನುವುದು ನನಗೆ ಸರಿ ಕಾಣುವುದಿಲ್ಲ. ಅದರಲ್ಲಿರುವ ಬೀಟಾ-ಅಸರೋನ್ ಕಾರಣಕ್ಕೆ ಅಮೆರಿಕದಲ್ಲಿ ಬಜೆಯನ್ನು ಆಹಾರಕ್ಕೆ ಬಳಸುವುದನ್ನು 1968ರಲ್ಲೇ ನಿಷೇಧಿಸಿದ್ದಾರೆ. ಲ್ಯಾವೆಂಡರ್ ಎಣ್ಣೆಯನ್ನು 80 ಮಿಲಿಗ್ರಾಂ ಕ್ಯಾಪ್ಸೂಲ್ ಮಾಡಿ ಜರ್ಮನಿಯಲ್ಲಿ ಆತಂಕಕ್ಕೆ ಕೊಡುತ್ತಾರೆ, ಅದಕ್ಕೆ ಒಳ್ಳೆಯ ಪರೀಕ್ಷೆಗಳ ಬೆಂಬಲವೂ ಇದೆ. ಅದು ಅಳತೆ ಮಾಡಿ ತಯಾರಿಸಿದ ಔಷಧಿ. ಡಿಫ್ಯೂಸರ್ ಬಾಟಲಿಯಿಂದ ಟೀಗೆ ಹನಿ ಹಾಕಿ ಕುಡಿಯಲು ಅದು ಪರ್ಮಿಷನ್ ಅಂದುಕೊಳ್ಳಬೇಡಿ.

ಕಷಾಯದ ಬಗ್ಗೆ ನನಗೊಂದು ಗುಮಾನಿ ಇದೆ. ಕೊತ್ತಂಬರಿ-ಜೀರಿಗೆ ಕಷಾಯ ಸಂಜೆ ಕುಡಿದರೆ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ ಅಂತ ಮಲೆನಾಡಿನ ನೆಂಟರು ಹೇಳುತ್ತಿದ್ದರು, ನನಗೂ ಹಾಗೇ ಅನ್ನಿಸಿತು. ಆಮೇಲೆ ಯೋಚಿಸಿದೆ. ಕಷಾಯ ಕುಡಿದ ದಿನ ನಾನು ಸಂಜೆಯ ಕಾಫಿ ಕುಡಿದಿರಲಿಲ್ಲ! ಕಾಫಿಯ ಕೆಫೀನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದದ್ದರ ಅರ್ಧ ರಾತ್ರಿ ಹತ್ತಕ್ಕೂ ಎದ್ದು ಕೂತಿರುತ್ತದೆ. ಕೀರ್ತಿ ಜೀರಿಗೆಗೋ, ಕುಡಿಯದ ಕಾಫಿಗೋ? ಯಾರದ್ದಾದರೂ ಆಗಲಿ, ಕಷಾಯ ನಿಂತಿಲ್ಲ.

ನಾನು ಈಗ ಮಾಡುವುದು

ಕೊನೆಗೆ ನನ್ನ ಕೈಗೆ ಹತ್ತಿದ್ದು ಲಾವಂಚ. ಬೇಸಿಗೆಯಲ್ಲಿ ಅಜ್ಜಿ ಮಣ್ಣಿನ ಹೂಜಿಗೆ ಅದರ ಬೇರು ಹಾಕಿಡುತ್ತಿದ್ದಳು. ಆ ನೀರು, ಆ ಮಧ್ಯಾಹ್ನದ ನಿದ್ದೆ ಎಲ್ಲ ಆ ಘಮದೊಳಗೇ ಇದೆ. ನಿಮ್ಮದು ಸಂಪಿಗೆ ಇರಬಹುದು, ಕಿತ್ತಳೆ ಸಿಪ್ಪೆ ಇರಬಹುದು.

ಮಾಡುವ ಕ್ರಮ ಹೀಗೆ. ಮೊದಲ ಎರಡು ಮೂರು ವಾರ ಟೆನ್ಷನ್ ಇಲ್ಲದಾಗಲೇ ಆ ಘಮ ಬಳಸಿದೆ. ರಾತ್ರಿ ಮಲಗುವ ಮುಂಚೆ, ಭಾನುವಾರ ಕಾದಂಬರಿ ಓದುವಾಗ. ಮೈಗೆ ಈ ಘಮ ಅಂದರೆ ಆರಾಮು ಅಂತ ರೂಢಿಯಾಗಬೇಕು. ಎಷ್ಟೋ ಜನ ಗಾಬರಿಯಾದಾಗಲೇ ಬಾಟಲಿ ತೆರೆಯುತ್ತಾರೆ. ಹಾಗೆ ಮಾಡಿದರೆ ಘಮಕ್ಕೆ ಗಾಬರಿಯೇ ಅಂಟಿಕೊಳ್ಳುತ್ತದೆ. ಆಮೇಲೆ ಕರ್ಚೀಫಿಗೆ ಒಂದೆರಡು ಹನಿ, ಅಥವಾ ಬೇರಿನ ಚೂರು. ಮೀಟಿಂಗಿಗೆ ಮುಂಚೆ ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಹೀಗೆ ಹತ್ತು ಸಲ. ಎರಡು ನಿಮಿಷವೂ ಆಗುವುದಿಲ್ಲ. ಡಿಫ್ಯೂಸರ್ ಇದ್ದರೆ ಮೂರ್ನಾಲ್ಕು ಹನಿ, ಅರ್ಧ ಗಂಟೆ ಸಾಕು. ಮೂಗು ಯಾವ ವಾಸನೆಗೂ ಬೇಗ ಒಗ್ಗಿಹೋಗುತ್ತದೆ. ದಿನವಿಡೀ ಹಾಕಿಟ್ಟರೆ ಎಣ್ಣೆ ಖಾಲಿಯಾಗುತ್ತದೆ, ಮೂಗಿಗೆ ಗೊತ್ತೂ ಆಗುವುದಿಲ್ಲ.

ಎರಡು ವಾರ ಕಳೆದರೂ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂದರೆ, ಅಥವಾ ಒಂದು ದಿನವಾದರೂ ಬದುಕೇ ಬೇಡ ಅನ್ನಿಸಿದರೆ, ಅದು ಕರ್ಚೀಫಿನ ಕೆಲಸ ಮೀರಿದ್ದು. 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಅದು. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಗೆಳತಿ ಕೊಟ್ಟ ಲ್ಯಾವೆಂಡರ್ ಬಾಟಲಿ? ತೆರೆದು ಎರಡು ವರ್ಷ ದಾಟಿತ್ತು. ಗಾಳಿ ತಾಗಿದ ಲಿನಲೂಲ್ ನಿಧಾನಕ್ಕೆ ಬೇರೆ ರೂಪ ತಾಳುತ್ತದೆ, ಹಾಗೆ ಹಳತಾದ ಎಣ್ಣೆಯಿಂದಲೇ ಚರ್ಮಕ್ಕೆ ಅಲರ್ಜಿ ಜಾಸ್ತಿ. ಮೊನ್ನೆ ಅದನ್ನು ನೆಲ ಒರೆಸುವ ನೀರಿಗೆ ಹಾಕಿದೆ. ಮನೆಯೆಲ್ಲ ಮಾಲ್‌ನ ಟಾಯ್ಲೆಟ್ಟಿನ ಹಾಗೆ ಘಮಘಮ.